ದೊಡ್ಡಳಿಯನ ಪಿನ್ನು

ಲಾರಿ ಶೆಡ್ಡಿನಲ್ಲಿ ಅವನಿಗೆ ದೊಡ್ಡಳಿಯ ಎಂದೇ ಹೆಸರು. ಆ ಹೆಸರಿಟ್ಟವಳು ಅವನ ಅತ್ತೆ. ಒಂದು ದಿನ ಆಕೆ ಕೈಚೀಲ ಹಿಡಿದುಕೊಂಡು ಸೀದಾ ಶೆಡ್ಡಿನೊಳಗೆ ಬಂದು, ಮೈಗೆಲ್ಲ ಗ್ರೀಸು ಮೆತ್ತಿಕೊಂಡ ಅಷ್ಟು ಗಂಡಸರ ನಡುವೆ ನಿಂತು, "ನಮ್ಮ ದೊಡ್ಡಳಿಯ ಎಲ್ಲಪ್ಪಾ? ಚಿಕ್ಕಳಿಯ ಎಲ್ಲಿ?" ಎಂದು ಕೇಳಿದ್ದಳು. ಒಂದೇ ಲಾರಿಯ ಕೆಳಗಿನಿಂದ ಎರಡು ತಲೆಗಳು ಒಟ್ಟಿಗೆ ಆಚೆ ಬಂದವು. ಶೆಡ್ಡು ನಕ್ಕು ನಕ್ಕು ಸುಸ್ತಾಯಿತು. ಅವತ್ತಿನಿಂದ ಇವನು ದೊಡ್ಡಳಿಯ, ಅವನು ಚಿಕ್ಕಳಿಯ. ಅಪ್ಪ ಅಮ್ಮ ಇಟ್ಟ ಹೆಸರು ಯಾರ ಬಾಯಲ್ಲೂ ಉಳಿಯಲಿಲ್ಲ.

ಅಕ್ಕನ ಗಂಡ, ತಂಗಿಯ ಗಂಡ. ಷಡ್ಡಕರು. ಕೇಳುವುದಕ್ಕೆ ಎಷ್ಟು ಚೆನ್ನ. ಆದರೆ ದೊಡ್ಡಳಿಯನ ಹೊಟ್ಟೆಗೆ ಬೆಂಕಿ ಬಿದ್ದು ವರ್ಷಗಳೇ ಆಗಿದ್ದವು. ತಮಾಷೆ ಏನೆಂದರೆ, ಆ ಬೆಂಕಿಗೆ ಕಡ್ಡಿ ಗೀರಿದವನು ಅವನೇ. ಚಿಕ್ಕಳಿಯನನ್ನು ಶೆಡ್ಡಿಗೆ ಕರೆತಂದವನು ಅವನು. ಕೈಗೆ ಮೊದಲ ಸ್ಪ್ಯಾನರ್ ಕೊಟ್ಟವನು ಅವನು. "ಹುಡುಗ ಬಂಗಾರದಂಥವನು, ಕುಡಿಯಲ್ಲ, ಸೇದಲ್ಲ, ಎದುರು ಮಾತಾಡಲ್ಲ" ಎಂದು ಅತ್ತೆಯ ತಲೆಗೆ ತುಂಬಿ ನಾದಿನಿಯನ್ನು ಕೊಡಿಸಿದವನೂ ಅವನೇ. ಈಗ ಅತ್ತೆ ಅದೇ ಮಾತನ್ನು, ಒಂದಕ್ಷರ ಬದಲಿಸದೆ, ಅವನ ಎದುರಿಗೇ ಒಪ್ಪಿಸುತ್ತಿದ್ದಳು. ಚಿಕ್ಕಳಿಯ ಬಂಗಾರ, ಚಿಕ್ಕಳಿಯ ಕುಡಿಯಲ್ಲ, ಸೇದಲ್ಲ. ಅದೇನು, ಇವನು ಕುಡಿದು ಚರಂಡಿಯಲ್ಲಿ ಬಿದ್ದಿದ್ದನೇ? ಇವನೂ ಕುಡಿಯುತ್ತಿರಲಿಲ್ಲ. ಆದರೆ ಅದನ್ನು ಹೇಳುವವರಿರಲಿಲ್ಲ. ಊಟಕ್ಕೆ ಕೂತಾಗ ಅತ್ತೆ ಮೊದಲು ಯಾರ ತಟ್ಟೆಗೆ ಬಡಿಸುತ್ತಾಳೆ ಎಂಬುದನ್ನು ಅವನು ಓರೆಗಣ್ಣಿನಲ್ಲಿ ನೋಡುತ್ತಿದ್ದ, ನೋಡಿ ಅನ್ನ ಗಂಟಲಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದ.

ಕೆಲಸದಲ್ಲಿ ದೊಡ್ಡಳಿಯ ಕಡಿಮೆಯವನೇನಲ್ಲ. ಭಾರೀ ಲಾರಿಯ ಗೇರ್‌ಬಾಕ್ಸನ್ನು ಕೆಳಗಿಳಿಸಿ ಮತ್ತೆ ಏರಿಸುವುದರಲ್ಲಿ ಅವನ ಮುಂದೆ ನಿಲ್ಲುವವರಿರಲಿಲ್ಲ. ಎಮ್ಮೆಯಷ್ಟು ಭಾರದ ಬಾಕ್ಸನ್ನು ಜಾಕಿಯ ಮೇಲೆ ಕೂರಿಸಿ, ಹೆಗಲು ಕೊಟ್ಟು, ಒಂಚೂರು ಅಲ್ಲಾಡಿಸಿದನೆಂದರೆ ಶಾಫ್ಟು ಕ್ಲಚ್ಚಿನೊಳಕ್ಕೆ ಸರಕ್ಕನೆ ಜಾರಿ ಕೂರುತ್ತಿತ್ತು. ಅವನು ಬಿಗಿದ ಬೋಲ್ಟು ಸಡಿಲವಾಯಿತೆಂದು ಯಾವ ಲಾರಿಯೂ ವಾಪಸು ಬಂದದ್ದಿಲ್ಲ. ಅವನಿಗೆ ಇನ್ನೊಂದು ಚಾಳಿ ಇತ್ತು. ಒಮ್ಮೆ ಕಿತ್ತ ಸ್ಪ್ಲಿಟ್ ಪಿನ್ನನ್ನು ಅವನು ಮತ್ತೆ ಹಾಕುತ್ತಿರಲಿಲ್ಲ. ಸ್ಪ್ಲಿಟ್ ಪಿನ್ನೆಂದರೆ ತಲೆಗೂದಲಿಗೆ ಸಿಕ್ಕಿಸುವ ಪಿನ್ನಿನಂಥದೇ ಎರಡು ಕಾಲಿನ ತಂತಿ, ಅಷ್ಟೆ. ಕೀಲಿನಲ್ಲಿರುವ ದಪ್ಪ ಗೂಟ ಜಾರಿ ಬೀಳದಂತೆ ಕಾಯುವುದು ಅದು. ಬೇರೆಯವರು ಹಳೆಯದನ್ನೇ ನೆಟ್ಟಗೆ ಮಾಡಿ ತುರುಕಿ, ಕಾಲುಗಳನ್ನು ಅತ್ತಿತ್ತ ಬಗ್ಗಿಸಿ ಬಿಡುತ್ತಿದ್ದರು. ದೊಡ್ಡಳಿಯ ಹೊಸದನ್ನು ಹಾಕಿ, ಒಂದು ಕಾಲನ್ನು ಪೂರ್ತಿ ಸುತ್ತಿಸಿ, ಇನ್ನೊಂದನ್ನು ಗಿಡ್ಡಕ್ಕೆ ಕತ್ತರಿಸಿ ಮಟ್ಟಸವಾಗಿ ಮಲಗಿಸುತ್ತಿದ್ದ. ಕಲಿಯುವ ವಯಸ್ಸಿನಲ್ಲಿ ಯಾರೋ ಹಾಗೇ ಬಿಟ್ಟಿದ್ದ ಹಳೇ ಪಿನ್ನಿನ ಮೊನೆ ಅವನ ಕೈಯನ್ನು ಮಣಿಕಟ್ಟಿನಿಂದ ಮೊಣಕೈವರೆಗೆ ಸೀಳಿತ್ತು. ಗುರುತು ಇನ್ನೂ ಇತ್ತು. ಚಿಕ್ಕಳಿಯನಿಗೆ ಕೆಲಸ ಕಲಿಸುವಾಗ ಆ ಗುರುತು ತೋರಿಸಿ ಹೇಳಿದ ಮೊದಲ ಪಾಠವೂ ಅದೇ.

ಆದರೆ ಲಾರಿಗೆ ಏನಾಗಿದೆ ಎಂದು ಕಂಡುಹಿಡಿಯುವ ತಾಳ್ಮೆ? ಅದೊಂದು ಮಾತ್ರ ಅವನನ್ನು ಕೇಳಬೇಡಿ. ಅಂಗಳದಲ್ಲಿ ಒಂದು ಸುತ್ತು ಓಡಿಸಿ, "ಬಾಕ್ಸ್ ಹೋಗಿದೆ, ಇಳ್ಸಿ" ಎನ್ನುವುದು ಅವನ ಪದ್ಧತಿ. ಚಿಕ್ಕಳಿಯ ಹಾಗಲ್ಲ. ಅವನು ಮೊದಲು ಡ್ರೈವರನ್ನು ಪಕ್ಕಕ್ಕೆ ಕೂರಿಸಿಕೊಂಡು ವಿಚಾರಿಸುತ್ತಿದ್ದ. "ಗೇರ್ ಹಾರೋದು ಏರಲ್ಲಾ, ಇಳಿಜಾರಲ್ಲಾ? ಲೋಡ್ ಇದ್ದಾಗಲಾ, ಖಾಲಿ ಇದ್ದಾಗಲಾ? ಬೆಳಗ್ಗೆ ಇಂಜಿನ್ ತಣ್ಣಗಿರುವಾಗ ಹೇಗೆ?" ಆಮೇಲೆ ಆಯಿಲ್ ಮಟ್ಟ ನೋಡಿ, ಒಂದು ಹನಿ ಬೆರಳಲ್ಲಿ ಉಜ್ಜಿ, ಮೂಸಿ, ಕ್ಲಚ್ಚು ತುಳಿದು, ಇಂಜಿನ್ನಿನ ಕೆಳಗಿನ ರಬ್ಬರು ಕುಸಿದಿದೆಯೇ ಎಂದು ತಡವಿ, ಕಬ್ಬಿಣದ ಸರಳಿನ ಒಂದು ತುದಿಯನ್ನು ಬಾಕ್ಸಿಗೂ ಇನ್ನೊಂದನ್ನು ಕಿವಿಗೂ ಆನಿಸಿ ಕೇಳುತ್ತಿದ್ದ. ಎಲ್ಲ ಮುಗಿದ ಮೇಲೆ ಕೊನೆಯದು ರಾಡಿನ ಪರೀಕ್ಷೆ. ಡ್ರೈವರನ ಗೇರ್ ಲಿವರಿನಿಂದ ಬಾಕ್ಸಿನವರೆಗೆ ಒಂದು ಉದ್ದನೆಯ ರಾಡು ಬರುತ್ತದಲ್ಲ, ಅದರ ಕೀಲು ಬಿಚ್ಚಿ, ಬಾಕ್ಸಿನ ಮೇಲಿರುವ ತುಂಡು ಲಿವರನ್ನು ಕೈಯಿಂದಲೇ ಆಡಿಸಿ ನೋಡುವುದು. ಕೈಯಲ್ಲಿ ಗೇರು ಸಲೀಸಾಗಿ ಬಿದ್ದರೆ ತೊಂದರೆ ರಾಡಿನದು, ಬಾಕ್ಸ್ ಇಳಿಸುವ ಮಾತೇ ಇಲ್ಲ. ಬೀಳದಿದ್ದರೆ ಮಾತ್ರ ಇಳಿಸುವುದು.

ಆ ಶೆಡ್ಡಿಗೆ ಒಂದು ಕಟ್ಟಳೆ ಇತ್ತು. ಬಾಕ್ಸ್ ಇಳಿಸುವ ಮೊದಲು, ಒಳಗೆ ಏನು ಕೆಟ್ಟಿದೆ ಎಂದು ತೀರ್ಮಾನಿಸಿದವನು ಅದನ್ನು ಬಾಕ್ಸಿನ ಹೊಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯಬೇಕು. ಬಿಚ್ಚಿದಾಗ ಅದೇ ಕಂಡರೆ ಯಜಮಾನರು ಬರಹದ ಸುತ್ತ ಒಂದು ಗೆರೆ ಎಳೆಯುತ್ತಿದ್ದರು. ತಪ್ಪಾಗಿದ್ದರೆ ಬರೆದವನೇ ಎಲ್ಲರ ಎದುರು ಅಂಗೈಯಿಂದ ಒರೆಸಬೇಕು. ಬೈಗುಳವಿಲ್ಲ, ದಂಡವಿಲ್ಲ, ಒರೆಸುವುದಷ್ಟೇ. ಆದರೆ ಒರೆಸಿದವನ ಕಾಲನ್ನು ವೆಲ್ಡರ್ ವಾರವಿಡೀ ಎಳೆಯುತ್ತಿದ್ದ. ವೆಲ್ಡರನ ಬಾಯಿ ಅವನ ಬೆಂಕಿಗಿಂತ ಬಿಸಿ. ದೊಡ್ಡಳಿಯ ಒರೆಸಿದ್ದಕ್ಕೆ ಲೆಕ್ಕವಿರಲಿಲ್ಲ. ಚಿಕ್ಕಳಿಯ ಒಮ್ಮೆಯೂ ಒರೆಸಿರಲಿಲ್ಲ.

"ಒಂದೇ ಒಂದು ಸಲ ಅವನೂ ಒರೆಸ್ಲಿ. ನನಗೇನೂ ಬೇಡ, ಅದೊಂದು ನೋಡಿದ್ರೆ ಸಾಕು," ಎಂದು ದೊಡ್ಡಳಿಯ ಹೆಂಡತಿಯ ಮುಂದೆ ಬಾಯಿಬಿಟ್ಟೇ ಹೇಳಿದ್ದ.

"ನಿಮ್ಮ ಹೊಟ್ಟೆ ಮೇಲೆ ಹಂಡೆ ಇಟ್ರೆ ಮನೆಮಂದಿಗೆಲ್ಲ ಸ್ನಾನಕ್ಕೆ ನೀರು ಕಾಯುತ್ತೆ ಕಣ್ರೀ," ಎಂದಿದ್ದಳು ಹೆಂಡತಿ. "ಅವನು ನಿಮ್ಮನ್ನ ಬಾಯ್ತುಂಬ ಅಣ್ಣ ಅಂತಾನೆ. ನನ್ನ ಸ್ವಂತ ತಮ್ಮ ನನ್ನನ್ನ ಅಷ್ಟು ಪ್ರೀತಿಯಿಂದ ಅಕ್ಕ ಅನ್ನಲ್ಲ."

ಅದು ನಿಜ. ಚಿಕ್ಕಳಿಯ ಮಾತಿಗೆ ಮುಂಚೆ ಅಣ್ಣ, ಮಾತಿಗೆ ಹಿಂದೆ ಅಣ್ಣ. "ಅಣ್ಣ, ಊಟ ಆಯ್ತಾ?" "ಬಿಡಣ್ಣ, ನೀನ್ಯಾಕೆ ಎತ್ತುತೀಯ, ನಾನಿದ್ದೀನಿ." ಹೊಗಳಿದರೂ ದೊಡ್ಡಳಿಯನಿಗೆ ಅದರಲ್ಲಿ ಕೊಂಕು ಕೇಳಿಸುತ್ತಿತ್ತು. ಹೊಟ್ಟೆಕಿಚ್ಚಿನವನ ಕಿವಿಯೇ ಹಾಗೆ.

ಹೀಗಿರುವಾಗ ಯಜಮಾನರ ಮಂಡಿ ಕೈಕೊಟ್ಟಿತು. ಲಾರಿ ಕೆಳಗಿನ ಗುಂಡಿಗೆ ಇಳಿದರೆ ಅವರನ್ನು ಮೇಲೆತ್ತಲು ಇಬ್ಬರು ಬೇಕಾಗುತ್ತಿತ್ತು. ಒಂದು ದಿನ ಎಲ್ಲರನ್ನೂ ಕರೆದು, "ಇನ್ನು ನನ್ನ ಕೈಲಾಗಲ್ಲಪ್ಪ. ಗೇರ್‌ಬಾಕ್ಸ್ ಕೆಲಸಕ್ಕೆಲ್ಲ ಒಬ್ಬನ್ನ ಮೇಸ್ತ್ರಿ ಮಾಡ್ತೀನಿ. ಈ ತಿಂಗಳ ಕೆಲಸ ನೋಡಿ ಹೇಳ್ತೀನಿ," ಎಂದರು. ಆ ಶೆಡ್ಡಿನಲ್ಲಿ ಯಾರನ್ನೂ ಸುಮ್ಮಸುಮ್ಮನೆ ಮೇಸ್ತ್ರಿ ಎನ್ನುತ್ತಿರಲಿಲ್ಲ. ಹಳೇ ಮೇಸ್ತ್ರಿ ಕೆಲಸ ಬಿಟ್ಟು ಹೋದ ಮೇಲೆ ಆ ಮಾತು ಗೂಟಕ್ಕೆ ನೇತುಹಾಕಿದ ಅಂಗಿಯಂತೆ ಉಳಿದುಬಿಟ್ಟಿತ್ತು. ದೊಡ್ಡಳಿಯ ಶೆಡ್ಡಿಗೆ ಸೇರಿದ ದಿನದಿಂದ ಆಸೆಪಟ್ಟದ್ದು ಅದೊಂದಕ್ಕೇ. ಈಗ ಅದು ಚಿಕ್ಕಳಿಯನಿಗೆ ಹೋಗುತ್ತದೆ ಎಂದು ಗೋಡೆಯ ಮೇಲಿನ ಹಲ್ಲಿಗೂ ಗೊತ್ತಿತ್ತು. ತಾನು ಸ್ಪ್ಯಾನರ್ ಹಿಡಿಯಲು ಕಲಿಸಿದವನನ್ನು ತಾನೇ ಮೇಸ್ತ್ರಿ ಎಂದು ಕರೆಯಬೇಕು, ಅವನು ಹೇಳಿದ ಬೋಲ್ಟು ಬಿಚ್ಚಬೇಕು. ನೆನೆಸಿಕೊಂಡರೆ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು.

ಆ ತಿಂಗಳ ಕೊನೆಗೆ ಟ್ಯಾಂಕರ್ ಬಂತು. ಶೆಡ್ಡಿಗೆ ಎಲ್ಲರಿಗಿಂತ ಹೆಚ್ಚು ಕೆಲಸ ಕೊಡುತ್ತಿದ್ದ ಗಿರಾಕಿಯ ಗಾಡಿ. ಏರಿನಲ್ಲಿ ಲೋಡ್ ಎಳೆಯುವಾಗ ಗೇರು ತಾನಾಗಿಯೇ ಹಾರಿ ನ್ಯೂಟ್ರಲ್ಲಿಗೆ ಬರುತ್ತಿತ್ತು. ಡ್ರೈವರ್ ಒಂದು ಕೈಯಲ್ಲಿ ಲಿವರನ್ನು ಒತ್ತಿ ಹಿಡಿದುಕೊಂಡೇ ಓಡಿಸಿಕೊಂಡು ಬಂದಿದ್ದ. ಯಜಮಾನರು ಚಿಕ್ಕಳಿಯನನ್ನು ಕರೆದು, "ನೀನೇ ನೋಡಪ್ಪ," ಎಂದರು. ದೊಡ್ಡಳಿಯ ಪಕ್ಕದಲ್ಲೇ ಇದ್ದ. ಅವನಿಗೆ ನೋಡು ಎನ್ನಲಿಲ್ಲ.

ಅವತ್ತು ಚಿಕ್ಕಳಿಯನ ಮಗಳಿಗೆ ಜ್ವರ. ಬೆಳಗ್ಗೆಯಿಂದ ಅವನ ಕಾಲು ಇಲ್ಲಿ, ಮನಸ್ಸು ಅಲ್ಲಿ. ಆದರೂ ಕ್ರಮ ಬಿಡದೆ ನೋಡುತ್ತಾ ಹೋದ. ಕ್ಲಚ್ಚು ಸರಿ ಇತ್ತು, ರಬ್ಬರು ಸರಿ ಇತ್ತು. ಆಯಿಲ್ಲನ್ನು ಬೆರಳಲ್ಲಿ ಉಜ್ಜಿದಾಗ ಹಿತ್ತಾಳೆಯ ಪುಡಿ ಮಿನುಗಿತು; ಬಾಕ್ಸಿನೊಳಗೆ ಹಿತ್ತಾಳೆಯವೆಂದರೆ ಗೇರು ಕೂರಲು ನೆರವಾಗುವ ರಿಂಗುಗಳು. ಸರಳಿಗೆ ಕಿವಿ ಕೊಟ್ಟಾಗ ಒಳಗೆ ಏನೋ ಗೊರಗೊರ. ಅಷ್ಟರಲ್ಲಿ ಮನೆಯಿಂದ ಫೋನ್ ಬಂತು, ಜ್ವರ ಏರಿದೆ, ಆಸ್ಪತ್ರೆಗೆ ಹೋಗಬೇಕು ಎಂದು. ಟ್ಯಾಂಕರ್ ಮಾಲೀಕ ಬೇರೆ, "ಇವತ್ತೇ ಹೇಳ್ಬಿಡಿ, ಬೆಳಗ್ಗೆ ಇಳಿಸಿದ್ರೆ ನನಗೆ ಗಾಡಿ ಬೇಗ ಸಿಗುತ್ತೆ" ಎಂದು ತಲೆಯ ಮೇಲೆ ಕೂತಿದ್ದ. ಚಿಕ್ಕಳಿಯ ಗಡಿಬಿಡಿಯಲ್ಲಿ ಸೀಮೆಸುಣ್ಣ ತೆಗೆದುಕೊಂಡು ಬಾಕ್ಸಿನ ಹೊಟ್ಟೆಯ ಮೇಲೆ 'ಹಿತ್ತಾಳೆ ರಿಂಗ್ ಸವೆದಿದೆ' ಎಂದು ಬರೆದ. ಅಂಗಿ ಬದಲಿಸಿಕೊಂಡು ಹೊರಟವನು ಬಾಗಿಲಿನಿಂದ ಹಿಂದಿರುಗಿ ದೊಡ್ಡಳಿಯನ ಹತ್ತಿರ ಬಂದ.

"ಅಣ್ಣ, ರಾಡ್ ಬಿಚ್ಚಿ ನೋಡೋದೊಂದು ಬಾಕಿ ಇದೆ. ಬರೆದಿದ್ದೇನೋ ಬರೆದೆ, ಮನಸ್ಸಿಗೆ ಸಮಾಧಾನ ಇಲ್ಲ. ನೀನೊಂದು ಸಲ ನೋಡ್ಬಿಡ್ತೀಯಾ?"

"ಹೂಂ. ನೀನು ಮೊದ್ಲು ಮಗು ನೋಡು, ಹೋಗು," ಎಂದ ದೊಡ್ಡಳಿಯ. ಆ ಮಾತಿನಲ್ಲಿ ಮೋಸವಿರಲಿಲ್ಲ. ಮಗು ಅವನನ್ನು ದೊಡ್ಡಪ್ಪ ಎಂದು ಕರೆದು ಹೆಗಲು ಹತ್ತುತ್ತಿತ್ತು, ಅದರ ಮೇಲೆ ಅವನಿಗೆ ಜೀವ.

ಸಂಜೆ ಎಲ್ಲರೂ ಹೋದ ಮೇಲೆ ಅವನು ಲೈಟು ಹಿಡಿದುಕೊಂಡು ಗುಂಡಿಗೆ ಇಳಿದ. ರಾಡಿನ ಕೀಲಿನ ಹಳೇ ಸ್ಪ್ಲಿಟ್ ಪಿನ್ನು ಕಿತ್ತ, ದಪ್ಪ ಗೂಟ ಎಳೆದ, ರಾಡು ಕಳಚಿ ಕೆಳಗೆ ಜೋತುಬಿತ್ತು. ಬಾಕ್ಸಿನ ತುಂಡು ಲಿವರು ಹಿಡಿದು ಒತ್ತಿದ. ಗೇರು ಬಿತ್ತು. ಎಳೆದ, ಬಿತ್ತು. ಒಂದಾದ ಮೇಲೊಂದು ಎಲ್ಲ ಗೇರುಗಳೂ ಬೆಣ್ಣೆಯಲ್ಲಿ ಬೆರಳಿಟ್ಟ ಹಾಗೆ ಬಿದ್ದವು. ಲೈಟನ್ನು ರಾಡಿನ ತುದಿಗೆ ಹಿಡಿದ. ಗೂಟ ಕೂರುವ ಬಳೆ, ಅಂದರೆ ಬುಶ್ಶು, ತಿಂದುಹೋಗಿ ದುಂಡನೆಯ ತೂತು ಮೊಟ್ಟೆಯಾಕಾರಕ್ಕೆ ಬಂದಿತ್ತು. ಗೂಟ ಅದರಲ್ಲಿ ಆಡುತ್ತಿತ್ತು. ಅಷ್ಟು ಸಡಿಲಕ್ಕೆ ಗೇರು ಪೂರ್ತಿ ಒಳಗೆ ಕೂರುವುದೇ ಇಲ್ಲ, ಲೋಡ್ ಬಿದ್ದ ತಕ್ಷಣ ಹಾರದೆ ಇನ್ನೇನು ಮಾಡುತ್ತದೆ? ಬಾಕ್ಸಿಗೆ ಏನೂ ಆಗಿರಲಿಲ್ಲ. ಹಿತ್ತಾಳೆಯ ಪುಡಿ ಹಳೇ ಆಯಿಲ್ಲಿನದು, ಗೊರಗೊರ ಸದ್ದು ಸಡಿಲ ಗೂಟದ್ದು. ಒಂದು ಬುಶ್ಶು ಬದಲಿಸಿದರೆ ಮುಗಿಯುವ ಕೆಲಸ.

ಚಿಕ್ಕಳಿಯ ತಪ್ಪು ಬರೆದಿದ್ದ.

ದೊಡ್ಡಳಿಯ ಗುಂಡಿಯ ಗೋಡೆಗೆ ಒರಗಿ ನಿಂತು ಆ ಬಿಳಿ ಅಕ್ಷರಗಳನ್ನು ನೋಡಿದ. ಎಷ್ಟು ಮುದ್ದಾದ ಬರವಣಿಗೆ ಆ ಬಡ್ಡೀಮಗನದು. ಫೋನು ಜೇಬಿನಲ್ಲೇ ಇತ್ತು. 'ಲೋ, ರಾಡಿನ ಬುಶ್ಶು ಕಣೋ, ಬೆಳಗ್ಗೆ ಬಂದು ನಿನ್ನ ಬರಹ ನೀನೇ ಅಳಿಸಿಬಿಡು' ಎಂದರೆ ಸಾಕಿತ್ತು. ಆ ಹೊತ್ತಿಗೆ ಅವನಿಗೆ ಅತ್ತೆಯ ಬಡಿಸುವ ಕೈ ಕಣ್ಣ ಮುಂದೆ ಬಂತು. 'ನೀನೇ ನೋಡಪ್ಪ' ಎಂದ ಯಜಮಾನರ ಮುಖ ಬಂತು. ತಾನು ಒರೆಸಿದಾಗಲೆಲ್ಲ ಕೇಳಿದ ವೆಲ್ಡರನ ನಗು ಬಂತು. ನಾನೇನು ಅವನ ಬರಹ ಬದಲಿಸಿದೆನೇ, ಏನಾದರೂ ಕೆಡಿಸಿದೆನೇ, ಬರೆದವನು ಅವನು, ಅನುಭವಿಸಲಿ ಎಂದುಕೊಂಡ. ಗೂಟವನ್ನು ಮತ್ತೆ ತೂರಿಸಿ, ಪಿನ್ನು ಹಾಕಿ, ಬಗ್ಗಿಸಿ, ಲೈಟು ಆರಿಸಿ ಮೇಲೆ ಬಂದ. ಮನಸ್ಸು ಬೇರೆಲ್ಲೋ ಇತ್ತು, ಕೈ ತನ್ನ ಪಾಡಿಗೆ ತಾನು ಕೆಲಸ ಮುಗಿಸಿತ್ತು.

ಮನೆಯಲ್ಲಿ ಹೆಂಡತಿ ಇರಲಿಲ್ಲ. ತಂಗಿಯ ಜೊತೆ ಆಸ್ಪತ್ರೆಯಲ್ಲಿದ್ದಳು. ಅವನೊಬ್ಬನೇ ಬಡಿಸಿಕೊಂಡು ಹೊಟ್ಟೆ ತುಂಬ ಉಂಡ.

ಮಾರನೆಯ ಬೆಳಗ್ಗೆ ಚಿಕ್ಕಳಿಯ ನಿದ್ದೆಗೆಟ್ಟ ಕಣ್ಣಿನಲ್ಲೇ ಬಂದ. ಟ್ಯಾಂಕರ್ ಮಾಲೀಕ ಆಗಲೇ ಬಂದು ಕುರ್ಚಿ ಹಾಕಿಸಿಕೊಂಡಿದ್ದ. ಚಿಕ್ಕಳಿಯ ಮೊದಲು ಕೇಳಿದ್ದೇ ಅದು.

"ಅಣ್ಣ, ರಾಡ್ ನೋಡಿದ್ಯಾ?"

"ಎಲ್ಲೋ, ಟೈಮೇ ಸಿಗ್ಲಿಲ್ಲ," ಎಂದ ದೊಡ್ಡಳಿಯ. ಮಾತು ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಆಶ್ಚರ್ಯವಾಯಿತು. ಆಮೇಲೆ ಎಲ್ಲರಿಗೂ ಕೇಳುವಂತೆ ದನಿ ಎತ್ತಿ, "ಯಾಕೆ, ನೀನು ಬರೆದಿದ್ದರ ಮೇಲೆ ನಿನಗೇ ನಂಬಿಕೆ ಇಲ್ವಾ?" ಎಂದ.

ವೆಲ್ಡರ್ ನಕ್ಕ. ಚಿಕ್ಕಳಿಯ, "ಹಾಗಲ್ಲ, ಒಂದ್ನಿಮಿಷ ನಾನೇ ನೋಡ್ಬಿಡ್ತೀನಿ," ಎಂದು ಗುಂಡಿಯ ಕಡೆ ಹೋಗುವಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. ಮಗುವಿಗೆ ರಕ್ತ ಪರೀಕ್ಷೆ ಮಾಡಿಸಬೇಕಂತೆ. ಅವನು ಕಿವಿ ಮುಚ್ಚಿಕೊಂಡು ಮಾತಾಡಲು ಬಾಗಿಲಾಚೆ ಹೋದ. ದೊಡ್ಡಳಿಯ ಇತ್ತ ತಿರುಗಿ, "ಹೂಂ, ಏನ್ ನೋಡ್ತಾ ನಿಂತಿದ್ದೀರ? ಶುರು ಮಾಡ್ರಪ್ಪಾ," ಎಂದ. ಬುಶ್ಶಿನ ಸವೆತ ಬೇರೆಯವರ ಕಣ್ಣಿಗೆ ಬೀಳದಿರಲೆಂದು ರಾಡನ್ನು ತಾನೇ ಬಿಚ್ಚಬೇಕೆಂದು ಅವನು ಅಂದುಕೊಂಡಿದ್ದ. ಆದರೆ ಯಜಮಾನರು ಜಾಕಿಯ ಕಡೆ ಕೂಗಿ ಕರೆದರು, ಬಾಕ್ಸ್ ಹೊರುವುದಕ್ಕೆ ಅವನಿಲ್ಲದೆ ಆಗುತ್ತಿರಲಿಲ್ಲ. ರಾಡನ್ನು ವೆಲ್ಡರ್ ಬಿಚ್ಚಿ, ಕಿತ್ತ ಪಿನ್ನು, ಬೋಲ್ಟುಗಳನ್ನೆಲ್ಲ ಆಯಿಲ್ ತಟ್ಟೆಗೆ ಎಸೆದ. ಚಿಕ್ಕಳಿಯ ಫೋನು ಮುಗಿಸಿ ಬರುವ ಹೊತ್ತಿಗೆ ಹಿಂದಿನ ಶಾಫ್ಟು ನೆಲದ ಮೇಲಿತ್ತು, ಬಾಕ್ಸು ಜಾಕಿಯ ಮೇಲೆ.

ಮಧ್ಯಾಹ್ನ ಬಾಕ್ಸ್ ಬಿಚ್ಚಿದರು. ಎಲ್ಲರೂ ಸುತ್ತ ನಿಂತರು. ಹಲ್ಲುಗಳು ಚೆನ್ನಾಗಿದ್ದವು. ಹಿತ್ತಾಳೆ ರಿಂಗುಗಳನ್ನು ಒಂದೊಂದಾಗಿ ತೆಗೆದು ಒರೆಸಿ ಬೆಳಕಿಗೆ ಹಿಡಿದರು. ಇನ್ನೂ ಎಷ್ಟೋ ದಿನ ಓಡುವಂತಿದ್ದವು. ಟ್ಯಾಂಕರ್ ಮಾಲೀಕ, "ಹಾಗಾದ್ರೆ ಸುಮ್ನೆ ಇಳಿಸಿದ್ರಾ?" ಎಂದ. ಯಜಮಾನರು ಕನ್ನಡಕ ತೆಗೆದು ಒರೆಸಿಕೊಂಡು, "ನಿನ್ನಿಂದ ನಾನಿದನ್ನ ಎಣಿಸಿರ್ಲಿಲ್ಲ ಕಣೋ," ಎಂದರು.

ಚಿಕ್ಕಳಿಯ ಬಗ್ಗಿ ಅಂಗೈಯಿಂದ ತನ್ನ ಬರಹ ಒರೆಸಿದ. ಒಂದೇ ಸಲಕ್ಕೆ ಹೋಗಲಿಲ್ಲ, ಎರಡನೇ ಸಲ ಉಜ್ಜಬೇಕಾಯಿತು. ಇಷ್ಟು ವರ್ಷ ಕಾದದ್ದು ಇದಕ್ಕೇ. ದೊಡ್ಡಳಿಯ ಕಣ್ಣು ತುಂಬ ನೋಡಿದ. ಸಂತೋಷವಾಯಿತು, ಆಗಲಿಲ್ಲ ಎಂದರೆ ಸುಳ್ಳು. ಹೊಟ್ಟೆ ತಣ್ಣಗಾಯಿತು.

ಚಿಕ್ಕಳಿಯ ಕೈ ಕೊಡವಿಕೊಂಡು ಸೀದಾ ಆಯಿಲ್ ತಟ್ಟೆಯ ಹತ್ತಿರ ಹೋಗಿ ಕುಕ್ಕರುಗಾಲಿನಲ್ಲಿ ಕೂತ. ರಾಡಿನ ತುದಿ ಎತ್ತಿ ಬುಶ್ಶಿನೊಳಗೆ ಬೆರಳು ಹಾಕಿ ತಿರುಗಿಸಿದ. ತಲೆಯಾಡಿಸಿದ. ಆಮೇಲೆ ತಟ್ಟೆಯಲ್ಲಿ ಕೈಯಾಡಿಸಿ ಏನನ್ನೋ ಹೆಕ್ಕಿ ಬಟ್ಟೆಯಲ್ಲಿ ಒರೆಸಿದ. ಟ್ಯಾಂಕರಿನ ಅಡಿಯಿಂದ ಬಂದ ಅಷ್ಟೂ ಸಾಮಾನು ಕಪ್ಪಗೆ ಜಿಡ್ಡುಗಟ್ಟಿತ್ತು. ಇದೊಂದು ಮಾತ್ರ ಬೆಳ್ಳಗೆ ಹೊಳೆಯಿತು. ಹೊಸ ಸ್ಪ್ಲಿಟ್ ಪಿನ್ನು. ವೆಲ್ಡರ್ ಕೀಳುವಾಗ ಕೊಂಚ ಸೊಟ್ಟಗಾಗಿತ್ತು, ಅಷ್ಟೆ. ಸುತ್ತು ಹಾಕಿದ ಕಾಲು ಹಾಗೇ ಸುರುಳಿಯಾಗಿತ್ತು, ಇನ್ನೊಂದು ಕಾಲನ್ನು ಗಿಡ್ಡಕ್ಕೆ ಕತ್ತರಿಸಿದ್ದಾಗಿತ್ತು.

ಅದು ಯಾರ ಕೈಯ ಕೆಲಸ ಎಂದು ದೊಡ್ಡಳಿಯನಿಗೆ ತಕ್ಷಣ ಗೊತ್ತಾಯಿತು. ನಿನ್ನೆ ಸಂಜೆ ಹಳೇ ಪಿನ್ನನ್ನೇ ತುರುಕಿ ಬಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಅವನ ಕೈಗೆ ಹಳೇ ಪಿನ್ನು ಹಾಕುವುದು ಗೊತ್ತೇ ಇರಲಿಲ್ಲ. ಬೆಳಗ್ಗೆಯಿಂದ ತಟ್ಟೆಯ ಪಕ್ಕದಲ್ಲೇ ಓಡಾಡಿದರೂ ಅದು ಅವನ ಕಣ್ಣಿಗೆ ಬಿದ್ದಿರಲಿಲ್ಲ. ದಿನಾ ಹಾಕುವ ಪಿನ್ನನ್ನು ಯಾರು ನೋಡುತ್ತಾರೆ.

ಚಿಕ್ಕಳಿಯ ಪಿನ್ನನ್ನು ಬೆರಳುಗಳ ನಡುವೆ ಹೊರಳಿಸಿದ. ತಲೆ ಎತ್ತಿ ದೊಡ್ಡಳಿಯನ ಮುಖ ನೋಡಲಿಲ್ಲ, ಮುಂಗೈಯ ಗುರುತು ನೋಡಿದ. ಈಗ ಹೇಳುತ್ತಾನೆ, ಎಲ್ಲರೆದುರು ಮಾನ ಕಳೆಯುತ್ತಾನೆ ಎಂದು ದೊಡ್ಡಳಿಯ ಕಾದ. ಏನು ಹೇಳಬೇಕು, ಹೇಗೆ ಜಾರಿಕೊಳ್ಳಬೇಕು ಎಂದು ತಲೆ ಓಡಿಸಿದ. ಚಿಕ್ಕಳಿಯ ಎದ್ದು ಪಿನ್ನನ್ನು ಅಂಗಿಯ ಜೇಬಿಗೆ ಹಾಕಿಕೊಂಡ.

"ನನ್ನದೇ ತಪ್ಪು ಯಜಮಾನ್ರೇ," ಎಂದ. "ರಾಡಿನ ಬುಶ್ ತಿಂದುಹೋಗಿದೆ. ಬಿಚ್ಚಿ ನೋಡ್ದೆ ಬರೆದುಬಿಟ್ಟೆ."

ಸಂಜೆಯ ಹೊತ್ತಿಗೆ ಬಾಕ್ಸು ಮತ್ತೆ ಏರಿತು. ಹೊಸ ಬುಶ್ಶು ಕೂತಿತು. ಗುಂಡಿಯಲ್ಲಿ ಇಬ್ಬರೇ ಇದ್ದರು. ದೊಡ್ಡಳಿಯ ಗೂಟ ತೂರಿಸಿ, ಎಂದಿನಂತೆ ಹಿಂದೆ ನೋಡದೆಯೇ ಕೈ ಚಾಚಿದ. ಅಂಗೈಯಲ್ಲಿ ಒಂದು ಪಿನ್ನು ಬಂದು ಕೂತಿತು.

"ಹೊಸದು," ಎಂದ ಚಿಕ್ಕಳಿಯ. "ಹಳೇದು ಹಾಕಬಾರ್ದು ಅಂತ ನೀವೇ ತಾನೆ ಹೇಳಿಕೊಟ್ಟಿದ್ದು."

ನೀವೇ. ಇಷ್ಟು ವರ್ಷಗಳಲ್ಲಿ ಚಿಕ್ಕಳಿಯ ಇವನನ್ನು ನೀವು ಎಂದದ್ದೇ ಇಲ್ಲ. ದೊಡ್ಡಳಿಯ ಏನೋ ಹೇಳಲು ಬಾಯಿ ತೆರೆದ. "ಮಗು ಹೇಗಿದೆ?" ಎಂದಷ್ಟೇ ಬಂತು.

"ಪರವಾಗಿಲ್ಲ. ಜ್ವರ ಇಳಿದಿದೆ," ಎಂದು ಚಿಕ್ಕಳಿಯ ಮೆಟ್ಟಿಲು ಹತ್ತಿ ಹೋದ.

ತಿಂಗಳು ಮುಗಿಯಿತು. ಅಷ್ಟು ದೊಡ್ಡ ಗಿರಾಕಿಯ ಎದುರೇ ಒರೆಸಿದವನನ್ನು ಮೇಸ್ತ್ರಿ ಮಾಡುವಂತಿರಲಿಲ್ಲ. ಯಜಮಾನರು ಸಾಮಾನಿನ ಬೀರುವಿನ ಬೀಗದ ಕೈಯನ್ನೂ ಸೀಮೆಸುಣ್ಣದ ಡಬ್ಬವನ್ನೂ ದೊಡ್ಡಳಿಯನ ಕೈಗೆ ಕೊಟ್ಟರು. "ಕೈ ಗಟ್ಟಿ ಇದೆ ನಿನ್ನದು. ಇನ್ನು ತಲೆಯನ್ನೂ ನಿಧಾನಕ್ಕೆ ಓಡ್ಸು," ಎಂದರು. ಎಲ್ಲರೂ ಒಬ್ಬೊಬ್ಬರಾಗಿ ಬಂದು ಮೇಸ್ತ್ರಿ ಎಂದರು. ವೆಲ್ಡರ್ ನಾಟಕದ ರಾಜನಿಗೆ ಬಗ್ಗುವ ಹಾಗೆ ಬಗ್ಗಿ, "ಮೇಸ್ತ್ರಿಗಳೇ, ಅಪ್ಪಣೆಯಾಗಲಿ" ಎಂದ. ಕೊನೆಗೆ ಬಂದವನು ಚಿಕ್ಕಳಿಯ. "ಒಳ್ಳೇದಾಗ್ಲಿ ಮೇಸ್ತ್ರಿ," ಎಂದ. ದನಿಯಲ್ಲಿ ಕೊಂಕಿರಲಿಲ್ಲ. ದೊಡ್ಡಳಿಯ ಬೇಕೆಂದೇ ಹುಡುಕಿದರೂ ಸಿಗಲಿಲ್ಲ.

ಅವನಿಗೆ ಬೇಕಾದದ್ದೆಲ್ಲ ಸಿಕ್ಕಿತ್ತು. ಅತ್ತೆಯ ಮನೆಯಲ್ಲಿ ಈಗ ಮೊದಲು ಬಡಿಸುವುದು ಅವನಿಗೆ. ನಾದಿನಿ, "ಭಾವ, ಇನ್ನು ನಮ್ಮವರನ್ನ ನೀವೇ ನೋಡ್ಕೋಬೇಕು" ಎಂದು ನಗುತ್ತಾಳೆ. ಅವಳಿಗೆ ಏನೂ ಗೊತ್ತಿಲ್ಲ, ಗಂಡ ಹೇಳಿಲ್ಲ. ಮಗು ಜ್ವರ ಬಿಟ್ಟು ಎದ್ದು, "ದೊಡ್ಡಪ್ಪ, ದೊಡ್ಡಪ್ಪ" ಎಂದು ಮೊದಲಿನಂತೆಯೇ ಹೆಗಲು ಹತ್ತುತ್ತದೆ. ಚಿಕ್ಕಳಿಯ ಎದುರಿಗೇ ಕೂತು ಉಣ್ಣುತ್ತಾನೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾನೆ, "ಮೇಸ್ತ್ರಿಗೆ ಇನ್ನೊಂಚೂರು ಹಾಕಿ ಅತ್ತೆ" ಎನ್ನುತ್ತಾನೆ.

"ಇದೇನೋ ಮನೆಯಲ್ಲೂ ಮೇಸ್ತ್ರಿ?" ಎಂದು ದೊಡ್ಡಳಿಯನ ಹೆಂಡತಿ ಒಮ್ಮೆ ಕೇಳಿದಳು.

"ರೂಢಿ ಆಗ್ಬಿಟ್ಟಿದೆ ಅಕ್ಕ," ಎಂದ.

ಮನೆಗೆ ಬರುವಾಗ ದಾರಿಯಲ್ಲಿ ಅವಳು, "ಏನ್ರೀ ಆಯ್ತು ನಿಮ್ಮಿಬ್ಬರ ಮಧ್ಯೆ?" ಎಂದಳು. ಏನೂ ಇಲ್ಲ ಎಂದು ಅವನು ಸಿಡುಕಿದ.

ಮೇಸ್ತ್ರಿಯಾದ ಮೇಲೆ ದೊಡ್ಡಳಿಯ ಬದಲಾಗಿದ್ದಾನೆ. ಡ್ರೈವರುಗಳನ್ನು ಕೂರಿಸಿಕೊಂಡು ಏರಾ, ಇಳಿಜಾರಾ ಎಂದು ವಿಚಾರಿಸುತ್ತಾನೆ. ಆಯಿಲ್ ಮೂಸುತ್ತಾನೆ. ರಾಡ್ ಬಿಚ್ಚದೆ ಸೀಮೆಸುಣ್ಣ ಮುಟ್ಟುವುದಿಲ್ಲ. ಒಂದು ದಿನ ಮರಳು ಲಾರಿಯೊಂದರ ಕೆಳಗಿನಿಂದ, ಬೇಕೆಂದೇ ದನಿ ಎತ್ತಿ, "ರಾಡ್ ಬಿಚ್ಚಿ ನೋಡಿದ್ದೀನಿ, ಗೇರ್ ಬೀಳ್ತಿಲ್ಲ. ನೀನೂ ಒಂದು ಸಲ ನೋಡ್ಬಿಡೋ," ಎಂದ. ನೋಡಿದ್ದೀನಿ ಎಂಬುದನ್ನು ಒತ್ತಿ ಹೇಳಿದ. ಅವನ ಮಟ್ಟಿಗೆ ಅದು ಕಾಲು ಹಿಡಿದಂತೆಯೇ.

"ನೀವು ನೋಡಿದ್ಮೇಲೆ ಮತ್ತೆ ನಾನ್ಯಾಕೆ ಮೇಸ್ತ್ರಿ," ಎಂದ ಚಿಕ್ಕಳಿಯ, ಮೆತ್ತಗೆ.

ಈಗ ದೊಡ್ಡಳಿಯನಿಗೆ ಹೊಟ್ಟೆ ಉರಿಯುವುದು ವೆಲ್ಡರನನ್ನು ಕಂಡರೆ. ಚಿಕ್ಕಳಿಯ ಮಧ್ಯಾಹ್ನ ಅವನ ಜೊತೆ ಕೂತು ಬುತ್ತಿ ಬಿಚ್ಚುತ್ತಾನೆ, ಅವನ ಹಳಸಲು ಜೋಕುಗಳಿಗೆ ನಗುತ್ತಾನೆ. ಆ ಮರಳು ಲಾರಿಯ ಬಾಕ್ಸು ಇಳಿಸುವಾಗ ಮೂವರೂ ಗುಂಡಿಯಲ್ಲಿದ್ದರು. ಬಾಕ್ಸು ಕೊಂಚ ವಾಲಿತು. ಚಿಕ್ಕಳಿಯ ವೆಲ್ಡರನ ಕಡೆ ತಿರುಗಿ, "ಅಣ್ಣ, ಸ್ವಲ್ಪ ಈ ಕಡೆ ಹಿಡ್ಕೋ," ಎಂದ. ಆ ಮಾತು ತನಗಲ್ಲ ಎಂದು ದೊಡ್ಡಳಿಯನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಅವನ ಕೈ ಮುಂದಕ್ಕೆ ಹೋಯಿತು. ಅಷ್ಟರಲ್ಲಿ ವೆಲ್ಡರ್ ಹಿಡಿದುಕೊಂಡಿದ್ದ.